ಐದು ನಿಮಿಷದ ಹೊಣೆ

ರೈಲುಗಾಡಿ ನಿಲ್ದಾಣದ ಹೊರಗೆ, ಹೊಲದ ನಡುವೆ, ಕೆಂಪು ದೀಪದ ಎದುರು ಸುಮ್ಮನೆ ನಿಂತುಬಿಟ್ಟಿತೆಂದರೆ ಪ್ರಯಾಣಿಕನ ಬಾಯಿಂದ ಹೊರಡುವ ಮಾತು ಒಂದೇ: "ಈ ರೈಲ್ವೆಯವರ ಹಣೆಯ ಬರಹವೇ ಇಷ್ಟು!" ಅವನ ಪಾಲಿಗೆ ಟಿಕೆಟು ಕೊಟ್ಟವರು, ಹಳಿ ಹಾಸಿದವರು, ದೀಪವನ್ನು ಕೆಂಪಾಗಿಸಿದವರು, ಎಂಜಿನ್ನು ನಡೆಸುವವರು ಎಲ್ಲರೂ ಒಂದೇ ಮನೆಯವರು. ಹೊರಗಿನಿಂದ ನೋಡಿದರೆ ಮನೆ ಒಂದೇ ಹೌದು. ಒಳಹೊಕ್ಕವರಿಗೆ ಮಾತ್ರ ಅಲ್ಲಿ ಉರಿಯುತ್ತಿರುವ ಒಲೆಗಳೆಷ್ಟು ಎಂಬುದು ತಿಳಿದೀತು.

ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು 2003ರ ಏಪ್ರಿಲ್ 1ರಂದು ಆರಂಭವಾದ ನೈಋತ್ಯ ರೈಲ್ವೆಯನ್ನೇ ತೆಗೆದುಕೊಳ್ಳಬಹುದು. ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂದು ಅದಕ್ಕೆ ಮೂರು ವಿಭಾಗಗಳು. ಒಂದೊಂದು ವಿಭಾಗದೊಳಗೂ ಗಾಡಿ ಓಡಿಸುವ ಸಂಚಾರ ಇಲಾಖೆ, ಹಳಿ ಮತ್ತು ಸೇತುವೆಗಳ ಎಂಜಿನಿಯರಿಂಗ್ ಇಲಾಖೆ, ಸಿಗ್ನಲ್ ಇಲಾಖೆ, ಯಂತ್ರದವರು, ವಿದ್ಯುತ್ತಿನವರು, ವಾಣಿಜ್ಯದವರು, ಲೆಕ್ಕಪತ್ರದವರು. ದೇಶದ ಎಲ್ಲ ರೈಲ್ವೆಗಳಲ್ಲಿಯೂ ವ್ಯವಸ್ಥೆ ಹೀಗೆಯೇ. ಗಾಡಿ ತಡವಾದ ಪ್ರತಿಯೊಂದು ನಿಮಿಷಕ್ಕೂ ಈ ಇಲಾಖೆಗಳ ಪೈಕಿ ಒಂದರ ಹೆಸರು ಬೀಳಬೇಕು. ಬೆಳಿಗ್ಗೆ ವಿಭಾಗದ ಅಧಿಕಾರಿಗಳು ಹಿಂದಿನ ದಿನದ ಲೆಕ್ಕವನ್ನು ಮುಂದಿಟ್ಟುಕೊಂಡು ಕುಳಿತಾಗ ನಡೆಯುವ ವಾದವೆಲ್ಲ ಈ ನಿಮಿಷಗಳದ್ದು. ಐದು ನಿಮಿಷ ಸಿಗ್ನಲಿನವರದೋ, ಹಳಿಯವರದೋ? ಎಂಟು ನಿಮಿಷ ಎಂಜಿನ್ನಿನದೋ, ಸಂಚಾರದವರ ಯೋಜನೆಯದೋ? ಲೆಕ್ಕ ಬೇಕು, ಸರಿ. ಲೆಕ್ಕವಿಲ್ಲದಿದ್ದರೆ ತಪ್ಪು ತಿದ್ದುವುದಾದರೂ ಹೇಗೆ? ಆದರೆ ಕಾರಣ ಹುಡುಕಲೆಂದು ಹುಟ್ಟಿದ ಲೆಕ್ಕ ಬರಬರುತ್ತ ಅಪರಾಧಿಯನ್ನು ಹುಡುಕುವ ಲೆಕ್ಕವಾಗಿಬಿಟ್ಟಿದೆ. ಕಾರಣ ಎರಡು ಮೂರು ಇರಬಹುದು. ಅಪರಾಧಿ ಒಬ್ಬನೇ ಆದರೆ ಉಳಿದವರಿಗೆ ನೆಮ್ಮದಿ.

ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗಕ್ಕೆ ಪಾಯಿಂಟ್ ಎನ್ನುತ್ತಾರೆ. ನಾಲಗೆಯಂತೆ ಸಪೂರವಾಗಿ ಕೊರೆದ ಒಂದು ಹಳಿ ಪಕ್ಕದ ದೊಡ್ಡ ಹಳಿಗೆ ಒತ್ತಿ ಕೂರಬೇಕು. ಸ್ಲೀಪರುಗಳು, ಜಲ್ಲಿ, ಆ ನಾಲಗೆಯ ಹಳಿ ಎಲ್ಲವೂ ಎಂಜಿನಿಯರಿಂಗ್ ಇಲಾಖೆಯ ಸ್ವತ್ತು. ಅದನ್ನು ಎಳೆದು ತಳ್ಳುವ ಮೋಟಾರು, ಸರಳುಗಳು, ಸರಿಯಾಗಿ ಕೂತಿದೆಯೆ ಎಂದು ಪರೀಕ್ಷಿಸಿ ಹೇಳುವ ವಿದ್ಯುತ್ ಸಂಪರ್ಕ ಇವೆಲ್ಲ ಸಿಗ್ನಲ್ ಇಲಾಖೆಯವು. ನಾಲಗೆಗೂ ಹಳಿಗೂ ನಡುವೆ 5 ಮಿಲಿಮೀಟರಿನ ತಡೆ ಸಿಕ್ಕಿದರೆ ಸಾಕು, ಪಾಯಿಂಟ್ ಬೀಗ ಹಾಕಿಕೊಳ್ಳಬಾರದು, ಹಸಿರು ದೀಪ ಬರಬಾರದು. ಪ್ರಾಣರಕ್ಷಣೆಗೆಂದು ಮಾಡಿದ ಏರ್ಪಾಡು ಅದು.

ಒಂದು ದಿನ ಪಾಯಿಂಟ್ ಕೂರುವುದಿಲ್ಲ. ಗಾಡಿ ಹೊರಗೆ ನಿಲ್ಲುತ್ತದೆ. ಸ್ಟೇಷನ್ ಮಾಸ್ತರರು ಎರಡೂ ಕಡೆಗೆ ಹೇಳಿಕಳಿಸುತ್ತಾರೆ. ಸಿಗ್ನಲಿನ ಮೇಸ್ತ್ರಿ ಬಂದು ನೋಡಿ, "ಕೆಳಗಿನ ಜಲ್ಲಿ ಸಡಿಲವಾಗಿದೆ, ಗಾಡಿ ಹಾದಾಗಲೆಲ್ಲ ಸ್ಲೀಪರು ಕುಣಿಯುತ್ತಿದೆ, ಮೋಟಾರು ಏನು ಮಾಡೀತು?" ಎನ್ನುತ್ತಾನೆ. ಹಳಿಯ ಮೇಸ್ತ್ರಿ ಬಂದು, "ಹಳಿ ಸರಿಯಾಗಿಯೇ ಇದೆ, ನಿಮ್ಮ ಸರಳಿನ ಹೊಂದಾಣಿಕೆ ತಪ್ಪಿದೆ" ಎನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿರುವುದೇ ಹೆಚ್ಚು. ಜಲ್ಲಿ ಒಂದಿಷ್ಟು ಕುಸಿದಿರುತ್ತದೆ. ಅದಕ್ಕೆ ತಕ್ಕಂತೆ ಸರಳು ತಿದ್ದಬೇಕಾಗಿತ್ತು, ತಿದ್ದಿರುವುದಿಲ್ಲ. ಮಳೆಗಾಲದಲ್ಲಿ ಜಲ್ಲಿಯಲ್ಲಿ ಕೆಸರು ತುಂಬಿ, ಹಳಿಯಲ್ಲಿ ಹರಿಯುವ ಸಣ್ಣ ವಿದ್ಯುತ್ತು ಸೋರಿ, ಗಾಡಿಯೇ ಇಲ್ಲದ ಹಳಿಯ ಮೇಲೆ ಗಾಡಿ ಇದೆಯೆಂದು ಸಿಗ್ನಲ್ ಭಾವಿಸಿಕೊಳ್ಳುವುದೂ ಇದೇ ಬಗೆಯ ಪ್ರಕರಣ. ಕೆಸರು ಒಬ್ಬರದು, ವಿದ್ಯುತ್ತು ಇನ್ನೊಬ್ಬರದು, ನಿಂತ ಗಾಡಿ ಮೂರನೆಯವರದು.

ಇದಕ್ಕಾಗಿಯೇ ಪಾಯಿಂಟುಗಳನ್ನು ಎರಡೂ ಇಲಾಖೆಯವರು ಜೊತೆಗೂಡಿ ಪರೀಕ್ಷಿಸಬೇಕೆಂಬ ನಿಯಮವುಂಟು. ಜೊತೆಯಾಗಿ ಹೋಗಿ, ಬಗ್ಗಿ, ಅಳೆದು, ಒಂದೇ ಪುಸ್ತಕದಲ್ಲಿ ಇಬ್ಬರೂ ಸಹಿ ಮಾಡಬೇಕು. ನಿಯಮವೇನೋ ಒಳ್ಳೆಯದೇ. ಒಬ್ಬನು ಹಿಂದಿನ ದಿನ ನೋಡಿ, ಇನ್ನೊಬ್ಬನು ಮಾರನೆಯ ದಿನ ಕೋಣೆಯಲ್ಲಿ ಕುಳಿತು ಸಹಿ ಹಾಕಿದರೆ ಪುಸ್ತಕ ತುಂಬೀತು, ಆದರೆ ಸಿಗ್ನಲಿನವನಿಗೆ ಜಲ್ಲಿಯ ಕಷ್ಟ ತಿಳಿಯದು, ಹಳಿಯವನಿಗೆ ಸರಳಿನ ಸೂಕ್ಷ್ಮ ತಿಳಿಯದು. ಸಹಿಗಿಂತ ಜೊತೆಯಾಗಿ ಬಗ್ಗಿದ ಆ ಅರ್ಧ ಗಂಟೆಗೇ ಬೆಲೆ ಹೆಚ್ಚು.

ಇನ್ನೂ ದೊಡ್ಡ ಜಗಳ ಬ್ಲಾಕಿನದು. ಹಳಿ ದುರಸ್ತಿ ಮಾಡಬೇಕಾದರೆ ಅಷ್ಟು ಹೊತ್ತು ಆ ದಾರಿಯಲ್ಲಿ ಗಾಡಿ ಓಡಬಾರದು. ಹಾಗೆ ದಾರಿ ಮುಚ್ಚುವುದಕ್ಕೆ ಬ್ಲಾಕ್ ಎಂದು ಹೆಸರು. ಎಂಜಿನಿಯರು ಎರಡು ಗಂಟೆ ಕೇಳುತ್ತಾನೆ. ಸೆಕ್ಷನ್ ಕಂಟ್ರೋಲರ್ ತನ್ನ ಮುಂದಿರುವ ನಕ್ಷೆಯನ್ನು ನೋಡುತ್ತಾನೆ. ಅಡ್ಡಲಾಗಿ ಗಂಟೆಗಳು, ಉದ್ದಕ್ಕೆ ನಿಲ್ದಾಣಗಳು, ನಡುವೆ ಓರೆಯಾದ ಗೆರೆಗಳಾಗಿ ಓಡುವ ಗಾಡಿಗಳು. ಆ ಗೆರೆಗಳ ಸಂದಿಯಲ್ಲಿ ಒಂದು ಗಂಟೆ ಹತ್ತು ನಿಮಿಷ ಸಿಕ್ಕಿತು ಎನ್ನಿ, ಅಷ್ಟನ್ನೇ ಕೊಡುತ್ತಾನೆ. ಬಿಸಿಲಿನಲ್ಲಿ ಯಂತ್ರವನ್ನೂ ಆಳುಗಳನ್ನೂ ಸಜ್ಜುಗೊಳಿಸಿಕೊಂಡು ಕಾದು ನಿಂತವನಿಗೆ ಅದು ಭಿಕ್ಷೆಯಂತೆ ಕಾಣುತ್ತದೆ. ಕೆಲಸ ಮುಗಿಯುವ ಮೊದಲೇ ದೂರವಾಣಿ: "ಲೈನು ಯಾವಾಗ ಕೊಡುತ್ತೀರಿ, ಸ್ವಾಮಿ?" ಅರ್ಧ ಬಿಗಿದ ಹಳಿಯನ್ನು ಒಪ್ಪಿಸುವಂತಿಲ್ಲ. ಹದಿನೈದು ನಿಮಿಷ ಮೀರಿತು. ಆ ಹದಿನೈದಕ್ಕೂ ಮಾರನೆಯ ಬೆಳಿಗ್ಗೆ ಎಂಜಿನಿಯರಿಂಗ್ ಇಲಾಖೆಯ ಹೆಸರು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಇದನ್ನು ನೋಡಿದವರು ನಗಬಹುದು. ವಾಸ್ತವವಾಗಿ ಇಬ್ಬರೂ ಎಳೆಯುತ್ತಿರುವುದು ಒಂದೇ ಬಂಡಿಯನ್ನು. ಬ್ಲಾಕ್ ಸಿಗದ ಹಳಿಯ ಮೇಲೆ ವೇಗಕ್ಕೆ ಮಿತಿ ಹಾಕಬೇಕಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ಓಡಬೇಕಾದ ಗಾಡಿ 30ಕ್ಕೆ ಇಳಿದು ತೆವಳುತ್ತದೆ. ಅಂದರೆ ಇಂದು ಕಂಟ್ರೋಲರ್ ಉಳಿಸಿದ ಒಂದು ಗಂಟೆ ನಾಳೆಯಿಂದ ದಿನವೂ ಗಾಡಿಗೆ ನಾಲ್ಕು ನಾಲ್ಕು ನಿಮಿಷಗಳಾಗಿ ಸೋರಿಹೋಗುತ್ತದೆ. ಅತ್ತ ಎಂಜಿನಿಯರನಿಗೂ ತಿಳಿಯಬೇಕಾದುದುಂಟು. ತಾನು ಮೀರಿದ ಹದಿನೈದು ನಿಮಿಷದಲ್ಲಿ ಆ ಕೋಣೆಯಲ್ಲಿ ಕುಳಿತ ಒಬ್ಬನು ಎಷ್ಟು ಗಾಡಿಗಳ ಗೆರೆಗಳನ್ನು ಅಳಿಸಿ ಮತ್ತೆ ಬರೆಯಬೇಕಾಯಿತು, ಎಷ್ಟು ಕಡೆಯಿಂದ ಬೈಗುಳ ಕೇಳಬೇಕಾಯಿತು ಎಂಬುದನ್ನು ಒಂದು ಸರದಿಯ ಹೊತ್ತು ಕಂಟ್ರೋಲ್ ಕೋಣೆಯಲ್ಲಿ ಕುಳಿತು ನೋಡಿದ ಎಂಜಿನಿಯರು ಮರೆಯಲಾರ. ಒಂದು ಮಧ್ಯಾಹ್ನ ಹಳಿಯ ಪಕ್ಕದಲ್ಲಿ ನಿಂತ ಕಂಟ್ರೋಲರನೂ ಅಷ್ಟೆ.

ಈ ಎರಡು ದೊಡ್ಡ ಇಲಾಖೆಗಳ ವಾದದಲ್ಲಿ ಯಾರ ಬಾಯಿಗೂ ಬಾರದ ಒಬ್ಬನಿದ್ದಾನೆ. ಅವನು ಕೀಮನ್. ಸುತ್ತಿಗೆ, ಸ್ಪ್ಯಾನರು, ಕೆಂಪು ಹಸಿರು ಬಾವುಟಗಳು, ಅಪಾಯದಲ್ಲಿ ಗಾಡಿ ನಿಲ್ಲಿಸಲು ಹಳಿಯ ಮೇಲಿಡುವ ಪಟಾಕಿಗಳು, ಇಷ್ಟನ್ನು ಹೊತ್ತುಕೊಂಡು ತನ್ನ ಪಾಲಿನ ಹಳಿಯನ್ನು ಪ್ರತಿದಿನ ನಡೆದು ನೋಡುವವನು. ಬಿರುಕು ಬಿಟ್ಟ ಹಳಿಯನ್ನು ಅವನು ಹೊತ್ತಿಗೆ ಮುಂಚೆ ಕಂಡು ಗಾಡಿ ನಿಲ್ಲಿಸಿದರೆ ಗಾಡಿ ತಡವಾಗುತ್ತದೆ. ಆ ತಡವೂ ಎಂಜಿನಿಯರಿಂಗ್ ಇಲಾಖೆಯ ಲೆಕ್ಕಕ್ಕೇ! ನೂರಾರು ಜೀವ ಉಳಿಸಿದ ನಿಮಿಷಗಳೂ ನಿರ್ಲಕ್ಷ್ಯದಿಂದ ಕಳೆದ ನಿಮಿಷಗಳೂ ಒಂದೇ ಅಂಕಣದಲ್ಲಿ ಕೂರುವುದು ವಿಚಿತ್ರವಲ್ಲವೆ? ಇಂಥ ಕೀಮನ್ನರಿಗೆ ರೈಲ್ವೆ ಬಹುಮಾನ ಕೊಡುವುದುಂಟು, ಅದು ಅಭಿನಂದನೀಯ. ಆದರೆ ಬಹುಮಾನ ಬರುವುದು ಸ್ವಂತ ಇಲಾಖೆಯ ಮೇಲಧಿಕಾರಿಯಿಂದ. ಅವನು ಉಳಿಸಿದ ಗಾಡಿಯನ್ನು ನಡೆಸುತ್ತಿದ್ದ ಲೋಕೋ ಪೈಲಟ್ ಬಂದು ಕೈಹಿಡಿದು ಎರಡು ಮಾತಾಡಿದರೆ ಅದರ ತೂಕವೇ ಬೇರೆ.

ಮಾತಾಡದಿದ್ದರೆ ಏನಾಗುತ್ತದೆ? 2023ರ ಜೂನ್ 2ರ ಸಂಜೆ ಒಡಿಶಾದ ಬಹನಾಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಹಸಿರು ದೀಪ ನಂಬಿ ಬಂದು, ಪಕ್ಕದ ಲೂಪ್ ಹಳಿಗೆ ತಿರುಗಿ, ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಅಪ್ಪಳಿಸಿತು. ಹಳಿ ತಪ್ಪಿದ ಬೋಗಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೋಗುತ್ತಿದ್ದ ಇನ್ನೊಂದು ಗಾಡಿಗೂ ತಗುಲಿದವು. 290ಕ್ಕೂ ಹೆಚ್ಚು ಜನ ಸತ್ತರು. ವಿಚಾರಣೆ ನಡೆಸಿದ ರೈಲ್ವೆ ಸುರಕ್ಷತಾ ಆಯುಕ್ತರು (ಈ ಆಯುಕ್ತರು ರೈಲ್ವೆ ಸಚಿವಾಲಯದ ಅಧೀನರಲ್ಲ, ನಾಗರಿಕ ವಿಮಾನಯಾನ ಸಚಿವಾಲಯಕ್ಕೆ ಸೇರಿದವರು) ಮೂಲ ದೋಷ ಸಿಗ್ನಲ್ ಇಲಾಖೆಯ ತಂತಿ ಜೋಡಣೆಯಲ್ಲಿತ್ತೆಂದು ಕಂಡುಕೊಂಡರು. ಅಷ್ಟಕ್ಕೇ ಅವರು ನಿಲ್ಲಿಸಲಿಲ್ಲ. ಪಾಯಿಂಟುಗಳು ಪದೇ ಪದೇ ಅಸಹಜವಾಗಿ ವರ್ತಿಸುತ್ತಿದ್ದುದನ್ನು ನಿಲ್ದಾಣದವರು ಸಿಗ್ನಲಿನವರಿಗೆ ತಿಳಿಸಿದ್ದಿದ್ದರೆ ಆ ದೋಷವನ್ನು ಸರಿಪಡಿಸಲು ಅವಕಾಶವಿರುತ್ತಿತ್ತೆಂದೂ ವರದಿ ಹೇಳಿತು. ನಿಲ್ದಾಣದ ಕೋಣೆಗೂ ಸಿಗ್ನಲಿನವರ ಕೋಣೆಗೂ ನಡುವೆ ಇರುವ ದೂರ ಕೆಲವು ಹೆಜ್ಜೆ ಮಾತ್ರ.

ಈ ರೋಗವನ್ನು ದೆಹಲಿಯಲ್ಲಿರುವವರು ಅರಿಯದವರಲ್ಲ. 1994ರ ಪ್ರಕಾಶ್ ಟಂಡನ್ ಸಮಿತಿ, 2001ರ ರಾಕೇಶ್ ಮೋಹನ್ ಸಮಿತಿ, 2012ರ ಸ್ಯಾಮ್ ಪಿತ್ರೋಡ ಸಮಿತಿ, 2015ರ ಬಿಬೇಕ್ ದೇಬ್ರಾಯ್ ಸಮಿತಿ, ಹೀಗೆ ಸಮಿತಿಯ ಮೇಲೆ ಸಮಿತಿ ಕುಳಿತವು. ಕೊನೆಗೆ 2019ರ ಡಿಸೆಂಬರಿನಲ್ಲಿ ಎಂಟು ಬೇರೆ ಬೇರೆ ಸೇವೆಗಳನ್ನು ಒಂದುಗೂಡಿಸಿ ಒಂದೇ ಸೇವೆ ಮಾಡಲು ಕೇಂದ್ರ ಸಂಪುಟ ತೀರ್ಮಾನಿಸಿತು. 2024ರ ಅಕ್ಟೋಬರಿನಲ್ಲಿ ಎಂಜಿನಿಯರುಗಳನ್ನು ಅವರದೇ ಪ್ರತ್ಯೇಕ ಪರೀಕ್ಷೆಯ ಮೂಲಕವೂ ಆರಿಸಿಕೊಳ್ಳುವುದೆಂದಾಯಿತು. ಹಳಿಯ ವಿದ್ಯೆ ಬಲ್ಲವನು ಬೇಕೇ ಬೇಕಲ್ಲ! ಮೇಲಿನ ಹಲಗೆಯ ಮೇಲೆ ಹೆಸರು ಬದಲಾದ ಮಾತ್ರಕ್ಕೆ ಪಾಯಿಂಟಿನ ಬಳಿ ನಿಂತ ಇಬ್ಬರು ಮೇಸ್ತ್ರಿಗಳ ನಡುವಿನ ಬೇಲಿ ಬೀಳುವುದಿಲ್ಲ.

ಜಪಾನಿನಲ್ಲಿ ಇದಕ್ಕೆ ಬೇರೆ ಬಾಗಿಲಿನಿಂದ ಪ್ರವೇಶಿಸಿದವರೊಬ್ಬರುಂಟು. ಟೋಕಿಯೊ ನಿಲ್ದಾಣಕ್ಕೆ ಬಂದ ಶಿಂಕಾನ್‌ಸೆನ್ ಗಾಡಿ ಅಲ್ಲಿ ನಿಲ್ಲುವುದು 12 ನಿಮಿಷ. ಇಳಿಯಲು ಎರಡು, ಹತ್ತಲು ಮೂರು. ಉಳಿದ ಏಳು ನಿಮಿಷದಲ್ಲಿ ಇಡೀ ಗಾಡಿ ಶುಚಿಯಾಗಬೇಕು. ಆ ಕೆಲಸ ಟೆಸ್ಸೆಯಿ ಎಂಬ ಸಂಸ್ಥೆಯದು. ಗುಡಿಸುವವರ ಮೇಲೆ ದೂರುಗಳು, ಅವರಿಗೋ ತಮ್ಮ ಕೆಲಸವೆಂದರೆ ನಾಚಿಕೆ. 2005ರಲ್ಲಿ ಅಲ್ಲಿಗೆ ಬಂದ ಯಾಬೆ ತೆರುಒ ದಂಡನೆಯ ಪಟ್ಟಿಯನ್ನು ಉದ್ದ ಮಾಡಲಿಲ್ಲ. ಮೇಲ್ವಿಚಾರಕರು ಸಹೋದ್ಯೋಗಿಗಳ ಒಳ್ಳೆಯ ಕೆಲಸವನ್ನು ಕಂಡಲ್ಲಿ ಬರೆದಿಡಬೇಕು, ಎಲ್ಲರಿಗೂ ತಿಳಿಸಬೇಕು ಎಂದರು. ಆ ಬರಹಕ್ಕೆ ಏಂಜಲ್ ವರದಿ ಎಂದು ಹೆಸರಾಯಿತು. ಅದರಲ್ಲಿ ಬರೆಯುವುದು ಮಹಾಸಾಹಸಗಳನ್ನಲ್ಲ, ನಿತ್ಯದ ಕೆಲಸದಲ್ಲಿ ತೋರಿದ ಶ್ರದ್ಧೆಯನ್ನು. ಬರೆಯಬೇಕಾದರೆ ಮೊದಲು ನೋಡಬೇಕು. ನೋಡಲು ಕಲಿತದ್ದೇ ಆ ಮೇಲ್ವಿಚಾರಕರಿಗೆ ದೊಡ್ಡ ಶಿಕ್ಷಣವಾಗಿರಬೇಕು.

ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ 55 ಕಿಲೋಮೀಟರ್ ಘಟ್ಟದ ದಾರಿಯಲ್ಲಿ 57 ಸುರಂಗಗಳಿವೆ, 50 ಅಡಿಗೆ ಒಂದಡಿಯ ಇಳಿಜಾರು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಗಾಡಿಗಳು ನಿಂತವು. ಇಂಥ ಹೊತ್ತಿನಲ್ಲಿ ಇಲಾಖೆಗಳ ಜಗಳ ಕಾಣದಿರುವುದು ಗಮನಿಸತಕ್ಕ ಸಂಗತಿ. ಮರಳಿನ ಚೀಲ ತರುವ ಗಾಡಿ ಓಡಿಸುವವನು, ಮಣ್ಣು ಹಿಡಿದು ನಿಲ್ಲಿಸುವವನು, ತಂತಿ ಎಳೆಯುವವನು ಎಲ್ಲರೂ ಒಂದೇ ಕೆಸರಿನಲ್ಲಿ ನಿಂತಿರುತ್ತಾರೆ. ಪ್ರತಿಯೊಬ್ಬನ ಕೈ ಇನ್ನೊಬ್ಬನ ಕಣ್ಣಿಗೆ ಬೀಳುತ್ತದೆ. ಸಾಮಾನ್ಯ ದಿನಗಳಲ್ಲಿ ಹಾಗಲ್ಲ. ಆಗ ಒಬ್ಬನಿಗೆ ಇನ್ನೊಬ್ಬನೆಂದರೆ ದೂರವಾಣಿಯ ಧ್ವನಿ, ಲೆಕ್ಕದ ಹಾಳೆಯ ಅಂಕಿ.

ದುರಸ್ತಿ ಕೆಲಸಗಳನ್ನು 52 ವಾರ ಮುಂಚಿತವಾಗಿ ಯೋಜಿಸುವ ಪದ್ಧತಿಯನ್ನು ರೈಲ್ವೆ ಈಚೆಗೆ ತನ್ನ ನಿಯಮಗಳಲ್ಲಿ ಸೇರಿಸಿಕೊಂಡಿದೆ. ಹಳಿಯವರಿಗೆ ಸಿಕ್ಕ ಬ್ಲಾಕಿನಲ್ಲಿಯೇ ಸಿಗ್ನಲಿನವರೂ ವಿದ್ಯುತ್ ತಂತಿಯವರೂ ತಮ್ಮ ಕೆಲಸ ಮುಗಿಸಿಕೊಳ್ಳುವ ಏರ್ಪಾಡೂ ಇದೆ. ಇವು ಸಾಗಿದಲ್ಲಿ ಮೂರು ಇಲಾಖೆಯ ಆಳುಗಳು ಒಂದೇ ಮರದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಕೆಲಸ ಹತ್ತು ನಿಮಿಷ ಮೊದಲೇ ಮುಗಿದು ಲೈನು ಹಿಂದಿರುಗುವ ದಿನಗಳೂ ಉಂಟು. ಕಳೆದ ನಿಮಿಷಕ್ಕೆ ಇಲಾಖೆಯ ಹೆಸರು ಬರೆಯುವಲ್ಲಿರುವ ಶ್ರದ್ಧೆ ಆ ಹತ್ತು ನಿಮಿಷಕ್ಕೆ ಹೆಸರು ಬರೆಯುವಲ್ಲಿ ಇನ್ನೂ ಕಾಣದು. ಬೆಳಗಿನ ಸಭೆಯಲ್ಲಿ ಸಂಚಾರದ ಅಧಿಕಾರಿಯೇ ಎದ್ದು ಆ ಹತ್ತನ್ನು ಓದಿ ಹೇಳಲು ಹೊಸ ಸಮಿತಿಯೂ ಬೇಡ, ಸಂಪುಟದ ಒಪ್ಪಿಗೆಯೂ ಬೇಡ.