ಮಾಯೆಯಲ್ಲ, ಮನುಷ್ಯರ ಕೆಲಸ

ಇಂಟರ್‌ನೆಟ್ಟನ್ನು ಹೊಗಳುವವರಿಗೂ ತೆಗಳುವವರಿಗೂ ನಮ್ಮಲ್ಲಿ ಒಂದೇ ಪದ ಸಾಕು: ಮಾಯೆ. ಹೊಗಳುವ ಉಪನ್ಯಾಸಕರು ಅದನ್ನು ಇಂದ್ರನ ಬಲೆಗೆ ಹೋಲಿಸುತ್ತಾರೆ, ಸರ್ವಾಂತರ್ಯಾಮಿ ಎನ್ನುತ್ತಾರೆ, ನಮ್ಮ ಹಿರಿಯರು ಇದನ್ನು ಎಂದೋ ಕಂಡಿದ್ದರೆಂದು ಕೈಮುಗಿಯುತ್ತಾರೆ. ತೆಗಳುವವರು ಮನೆಯೊಳಗೇ ಇದ್ದಾರೆ. ಮಗಳ ಕೈಯಲ್ಲಿ ಮೊಬೈಲ್ ಕಂಡೊಡನೆ ಅದೇ ಮಾಯೆ ಅವರಿಗೆ ಮೋಹಿನಿಯಾಗಿಬಿಡುತ್ತದೆ. ನನಗೆ ಈ ಇಬ್ಬರ ಮೇಲೂ ಜಗಳವಿದೆ. ಇದು ಮನುಷ್ಯರು ಕೈಯಾರೆ ಮಾಡಿದ್ದೆಂಬ ಮಾತನ್ನು ಇಬ್ಬರೂ ಸೇರಿ ಮುಚ್ಚಿಡುತ್ತಿದ್ದಾರೆ.

ಆಕಾಶದಲ್ಲಿ ತೇಲುತ್ತದೆಂದು ನಾವಂದುಕೊಂಡ ಈ ಜಾಲ ಮಲಗಿರುವುದು ಸಮುದ್ರದ ತಳದಲ್ಲಿ. ಖಂಡದಿಂದ ಖಂಡಕ್ಕೆ ಹೋಗುವ ಸಂದೇಶಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಕಡಲಡಿಯ ಕೇಬಲ್ಲುಗಳಲ್ಲೇ ಸಾಗುತ್ತವೆ. ಆಳದಲ್ಲಿ ಆ ಕೇಬಲ್ಲು ತೋಟಕ್ಕೆ ನೀರು ಬಿಡುವ ಪೈಪಿನಷ್ಟು ದಪ್ಪ. ಒಳಗೆ ಕೂದಲೆಳೆಯಂಥ ಗಾಜಿನ ತಂತುಗಳು, ಅವುಗಳಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವ ಬೆಳಕು. ಮುಂಬಯಿ, ಚೆನ್ನೈಗಳಲ್ಲಿ ಅವು ದಡ ಹತ್ತುತ್ತವೆ. ಹಡಗಿನ ಲಂಗರು ತಗಲಿ ತುಂಡಾದರೆ ಇನ್ನೊಂದು ಹಡಗು ಹೋಗಿ, ಮೇಲೆತ್ತಿ ಬೆಸೆಯಬೇಕು. 1969ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದಲ್ಲಿ 500 ಕಿಲೋಮೀಟರಿಗೂ ದೂರವಿದ್ದ ಎರಡು ಕಂಪ್ಯೂಟರುಗಳ ನಡುವೆ ಮೊದಲ ಸಂದೇಶ ಹೊರಟಿತು. ‘ಲಾಗಿನ್’ ಎಂಬ ಪದದ ಎರಡು ಅಕ್ಷರ ತಲುಪುವಷ್ಟರಲ್ಲಿ ಯಂತ್ರ ಕೆಟ್ಟು ಕೂತಿತು. ಮಾಯೆ ಹೀಗೆ ಕೆಟ್ಟು ಕೂರುತ್ತದೆಯೇ, ಹೇಳಿ!

ಅದು ಕೆಲಸ ಮಾಡುವ ಬಗೆಯೂ ನಮಗೆ ಪರಿಚಿತವೇ. ಊರಿನಿಂದ ಹಪ್ಪಳದ ಪೊಟ್ಟಣವನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುತ್ತಿರಲಿಲ್ಲವೇ? ಈಗ ಒಂದು ದಪ್ಪ ಕಾದಂಬರಿಯನ್ನು ಹಾಳೆ ಹಾಳೆಯಾಗಿ ಬಿಡಿಸಿ, ಪ್ರತಿ ಹಾಳೆಗೂ ಸಂಖ್ಯೆ, ವಿಳಾಸ ಬರೆದು, ಸಿಕ್ಕ ಸಿಕ್ಕ ಬಸ್ಸಿಗೆ ಹಾಕಿದಿರೆನ್ನಿ. ಯಾವ ಕಂಡಕ್ಟರನಿಗೂ ಪೂರ್ತಿ ದಾರಿ ಗೊತ್ತಿಲ್ಲ, ಮುಂದಿನ ನಿಲ್ದಾಣವಷ್ಟೇ ಗೊತ್ತು. ತಲುಪಿದ ಹಾಳೆಗಳನ್ನು ಅಲ್ಲಿರುವವರು ಸಂಖ್ಯೆಯಂತೆ ಜೋಡಿಸಿಕೊಂಡು, ಬಂದುದಕ್ಕೆ ‘ತಲುಪಿತು’ ಎಂದು ತಿಳಿಸುತ್ತಾರೆ. ಆ ಸುದ್ದಿ ಬಾರದ ಹಾಳೆಯನ್ನು ನೀವು ಮತ್ತೆ ಕಳಿಸುತ್ತೀರಿ. ವಿಂಟ್ ಸರ್ಫ್, ಬಾಬ್ ಕಾಹ್ನ್ ಎಂಬಿಬ್ಬರು 1974ರಲ್ಲಿ ಬರೆದು ಪ್ರಕಟಿಸಿದ, 1983ರ ಜನವರಿ 1ರಿಂದ ಜಾರಿಗೆ ಬಂದ ಒಪ್ಪಂದದ ಸಾರ ಇಷ್ಟೇ.

ತತ್ವ ಬೇಕೆನ್ನುವವರು ಇಲ್ಲಿ ಹುಡುಕಲಿ. ಮುಖ ಕಾಣದವರು ಒಂದು ಮಾತಿಗೆ ಕಟ್ಟುಬಿದ್ದಿದ್ದಾರೆ. ಹೊರುವ ಯಂತ್ರಕ್ಕೆ ಕಾಗದ ಅತ್ತೆಯದೋ ಸೊಸೆಯದೋ, ಯಾವ ಜಾತಿಯವರದೋ ಎಂಬ ವಿಚಾರಣೆ ಬೇಕಿಲ್ಲ. 1993ರ ಏಪ್ರಿಲ್ 30ರಂದು ಜಿನೀವಾದ ಸರ್ನ್ ಸಂಸ್ಥೆ, ಟಿಮ್ ಬರ್ನರ್ಸ್-ಲೀ ಅಲ್ಲಿ ರೂಪಿಸಿದ ವರ್ಲ್ಡ್ ವೈಡ್ ವೆಬ್ಬನ್ನು ಬಿಡಿಗಾಸು ಕೇಳದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಮಾರಬಹುದಾದುದನ್ನು ಹಂಚಿದರಲ್ಲ, ಅದು ನನಗೆ ಯಾವ ಪವಾಡಕ್ಕೂ ಕಡಿಮೆಯದೆನಿಸಿಲ್ಲ.

ಇದರಲ್ಲಿ ಹೆಂಗಸರ ದುಡಿಮೆಯೂ ಇದೆ. ‘.ಕಾಮ್’ ಎಂದು ನಾವು ದಿನಾ ಒತ್ತುತ್ತೇವಲ್ಲ, ವಿಳಾಸಗಳ ಆ ವಿಂಗಡಣೆ ರೂಪುಗೊಂಡದ್ದು ಎಲಿಜಬೆತ್ ಫೈನ್ಲರ್ ಅವರ ತಂಡದಲ್ಲಿ. ಸಂದೇಶಗಳು ಜಾಲದೊಳಗೆ ಗಿರಗಿರನೆ ಸುತ್ತುತ್ತ ಸಿಕ್ಕಿಕೊಳ್ಳದಂತೆ 1985ರಲ್ಲಿ ಉಪಾಯ ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್. ಅದನ್ನು ವಿವರಿಸಲು ಆಕೆ ಒಂದು ಪುಟ್ಟ ಪದ್ಯವನ್ನೂ ಬರೆದರು.

ಹೀಗೆ ಹೆಣ್ಣು ಕಟ್ಟಿದ ಮನೆಯ ಬಾಗಿಲಲ್ಲಿ ಹೆಣ್ಣನ್ನೇ ತಡೆಯುತ್ತಿದ್ದೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಎಂದಾದರೊಮ್ಮೆ ಇಂಟರ್‌ನೆಟ್ ಬಳಸಿದ ಗಂಡಸರು ದೇಶದಲ್ಲಿ ನೂರಕ್ಕೆ 57, ಹೆಂಗಸರು 33. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹಾಸ್ಟೆಲಿನಲ್ಲಿ ಸಂಜೆ 6ರಿಂದ 10ರವರೆಗೆ ಹುಡುಗಿಯರು ಮೊಬೈಲ್ ಒಪ್ಪಿಸಬೇಕೆಂಬ ನಿಯಮವಿತ್ತು. ಒಬ್ಬ ವಿದ್ಯಾರ್ಥಿನಿ ಒಲ್ಲೆನೆಂದಳು, ಹಾಸ್ಟೆಲಿನಿಂದ ಹೊರಬಿದ್ದಳು, ನ್ಯಾಯಾಲಯದ ಮೆಟ್ಟಿಲು ಹತ್ತಿದಳು. 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಪಿ.ವಿ. ಆಶಾ, ಇಂಟರ್‌ನೆಟ್ ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗವೆಂದು ತೀರ್ಪಿತ್ತು, ಅವಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿದರು. ಆ ಹುಡುಗಿಯ ಧೈರ್ಯಕ್ಕೆ ನನ್ನದೊಂದು ನಮಸ್ಕಾರ.

‘ಅಲ್ಲಿನ ಹೊಲಸು ನಿಮಗೆ ಗೊತ್ತಿಲ್ಲವೇ?’ ಎನ್ನುತ್ತೀರಿ. ಗೊತ್ತಿದೆ. ಕದ್ದ ಫೋಟೋ, ಬೆದರಿಕೆ, ಮೋಸ, ಸುಳ್ಳುಸುದ್ದಿ ಎಲ್ಲವೂ ಇವೆ. ಆದರೆ ಅದಕ್ಕೆ ಮಾಯೆಯೆಂದು ಹೆಸರಿಟ್ಟೊಡನೆ ಹೊಣೆಗಾರರು ಪಾರಾಗುತ್ತಾರೆ. ಮಾಯೆಯ ಮೇಲೆ ಪೊಲೀಸ್ ದೂರು ಕೊಡಲಾಗದು. ಮನುಷ್ಯ ಮಾಡಿದ್ದೆಂದು ಒಪ್ಪಿದರೆ ಮಾತ್ರ, ಇದನ್ನು ಯಾರು ಮಾಡಿದರು, ಯಾರಿಗೆ ಲಾಭ, ಯಾಕೆ ಸರಿಪಡಿಸಿಲ್ಲ ಎಂದು ಕೇಳಬಹುದು. ಬೀದಿಯಲ್ಲಿ ಪುಂಡನಿದ್ದರೆ ಪುಂಡನನ್ನು ಹಿಡಿಯಬೇಕೇ, ಹುಡುಗಿಯನ್ನು ಮನೆಯಲ್ಲಿ ಕೂಡಿಹಾಕಬೇಕೇ?

ನಮ್ಮ ಓಣಿಯಲ್ಲೇ ನೋಡುತ್ತೇನೆ: ಪರೀಕ್ಷೆಗೆ ಕೂರುವ ಅಕ್ಕ, ಆಟವಾಡುವ ತಮ್ಮನ ಕೈಯಿಂದ ಫೋನ್ ಬರಲೆಂದು ಕಾಯುತ್ತ ಕೂತಿರುತ್ತಾಳೆ. ಮನೆಗೊಂದೇ ಫೋನ್ ಇರುವ ತಾಯಂದಿರೇ, ಮೊದಲು ಈ ಸರದಿಯನ್ನು ಬದಲಿಸಿ. ಕೇಬಲ್ಲು ಕಡಲು ದಾಟಿ ನಿಮ್ಮ ಊರಿನವರೆಗೆ ಬಂದಿದೆ. ಹೊಸಿಲಿನಿಂದ ಮಗಳ ಕೈವರೆಗಿನ ನಾಲ್ಕು ಹೆಜ್ಜೆಯ ದಾರಿ ನಿಮ್ಮ ಪಾಲಿನ ಕೆಲಸ.