ಉಪವಾಸವೂ ರಕ್ತದ ರಿಪೋರ್ಟೂ

ದಿನಕ್ಕೆ ಹದಿನಾರು ಗಂಟೆ ಏನೂ ತಿನ್ನದೆ, ಉಳಿದ ಎಂಟು ಗಂಟೆಯೊಳಗೆ ಊಟ ಮುಗಿಸುವುದು ಇಂಟರ್ಮಿಟೆಂಟ್ ಫಾಸ್ಟಿಂಗ್‌ನ ಹೆಚ್ಚು ಬಳಕೆಯಲ್ಲಿರುವ ರೂಪ. ಇದನ್ನು ಹಿಡಿದವರು ಮುಂದಿಡುವ ಸಾಕ್ಷಿ ಸಾಮಾನ್ಯವಾಗಿ ರಕ್ತದ ರಿಪೋರ್ಟು: ಹೋದ ತಿಂಗಳು ಶುಗರ್ 118 ಇತ್ತು, ಈಗ 98, ಹಾಗಾಗಿ ಉಪವಾಸ ಫಲಿಸಿತು. ಈ ತೀರ್ಮಾನ ಅವಸರದ್ದು. ಉಪವಾಸದಿಂದ ದೇಹದ ಸ್ಥಿತಿ ಸುಧಾರಿಸುವುದು ಬೇರೆ, ಸೂಜಿ ಚುಚ್ಚಿದ ಹೊತ್ತಿಗೆ ರಕ್ತದಲ್ಲಿದ್ದ ಅಂಶಗಳು ಏರುಪೇರಾಗುವುದು ಬೇರೆ. ಒಂದೇ ರಿಪೋರ್ಟಿನಲ್ಲಿ ಇವೆರಡೂ ಬೆರೆತಿರುತ್ತವೆ.

ಆಹಾರ ಬಾರದಿದ್ದಾಗ ಯಕೃತ್ತು ಮೊದಲು ತಾನು ಕೂಡಿಟ್ಟ ಗ್ಲೈಕೋಜನ್ ಒಡೆದು, ಆಮೇಲೆ ಬೇರೆ ಪದಾರ್ಥಗಳಿಂದ ಗ್ಲೂಕೋಸ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ನಸುಕಿನಲ್ಲಿ ಕಾರ್ಟಿಸಾಲ್ ಏರುವುದರಿಂದ ಈ ಕೆಲಸ ಚುರುಕಾಗುತ್ತದೆ. ರಾತ್ರಿ ಊಟ ಬಿಟ್ಟ ಮಧುಮೇಹಿಯ ಬೆಳಗಿನ ಶುಗರ್ ಇಳಿಯದೇ ಇರುವುದಕ್ಕೆ ಇದೇ ಕಾರಣ. ಅವರು ಕದ್ದು ತಿಂದರೆಂದು ಮನೆಯವರು ಅನುಮಾನಿಸಬೇಕಿಲ್ಲ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ, ಇಂಥ ಒಂದು ದಿನದ ಏರಿಳಿತಕ್ಕೆ ಜಗ್ಗುವುದಿಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನವಾದ್ದರಿಂದ ಅದು ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಆದರೆ ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ, ಭಾರತದ ಹೆಣ್ಣುಮಕ್ಕಳಲ್ಲಿ ಇದು ತೀರ ಸಾಮಾನ್ಯ, ಈ ಅಂಕಿಯೂ ಇರುವುದಕ್ಕಿಂತ ಹೆಚ್ಚು ತೋರಬಹುದು.

2018ರಲ್ಲಿ ಪ್ರಕಟವಾದ ಅಮೆರಿಕದ ಅಲಬಾಮದ ಒಂದು ಅಧ್ಯಯನವನ್ನು ಉಪವಾಸದ ಪರವಾಗಿ ಮಾತಾಡುವವರು ಮತ್ತೆ ಮತ್ತೆ ಎತ್ತುತ್ತಾರೆ. ಎತ್ತಬೇಕಾದದ್ದೇ. ಮಧುಮೇಹದ ಅಂಚಿನಲ್ಲಿದ್ದ 8 ಮಂದಿ ಗಂಡಸರು ಐದು ವಾರ ದಿನದ ಊಟವನ್ನೆಲ್ಲ ಆರು ಗಂಟೆಯೊಳಗೆ, ಮಧ್ಯಾಹ್ನ ಮೂರಕ್ಕೆ ಮೊದಲೇ ಮುಗಿಸಿದರು. ತೂಕ ಇಳಿಯದಂತೆ ಆಹಾರ ಕೊಟ್ಟಿದ್ದರೂ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಬಗೆ ಸುಧಾರಿಸಿತು, ರಕ್ತದೊತ್ತಡ ಇಳಿಯಿತು. ಬೇಗ ಊಟ ಮುಗಿಸುವುದರಿಂದಲೇ ಏನೋ ಲಾಭವಿದೆ ಎಂಬ ವಾದಕ್ಕೆ ಇದು ಗಟ್ಟಿ ಆಧಾರ. ಅದೇ ಅಧ್ಯಯನದಲ್ಲಿ ಬೆಳಗಿನ ಟ್ರೈಗ್ಲಿಸರೈಡ್ ಮಾತ್ರ ಏರಿತ್ತು. ಮೂರಕ್ಕೆ ಮೊದಲೇ ಉಂಡವರು ಮರುದಿನ ರಕ್ತ ಕೊಡುವ ಹೊತ್ತಿಗೆ ಸುಮಾರು 18 ಗಂಟೆ ಹಸಿದಿದ್ದರು; ಮಾಮೂಲಿ ವೇಳೆಯಲ್ಲಿ ಉಂಡಾಗ ಆ ಅಂತರ ಸುಮಾರು 12 ಗಂಟೆ. ದೀರ್ಘ ಹಸಿವಿನಲ್ಲಿ ಮೈಯ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ, ಯಕೃತ್ತು ಅದರಲ್ಲೊಂದು ಪಾಲನ್ನು ಟ್ರೈಗ್ಲಿಸರೈಡ್ ಆಗಿಸಿ ಮರಳಿ ರಕ್ತಕ್ಕೆ ಸೇರಿಸುತ್ತದೆ. ಹಿನ್ನೆಲೆ ಗೊತ್ತಿಲ್ಲದೆ ಆ ಅಂಕಿಯನ್ನಷ್ಟೇ ಕಂಡವರು ಉಪವಾಸ ಕೆಡುಕು ಮಾಡಿತೆನ್ನುತ್ತಿದ್ದರು.

ಬಿಲಿರುಬಿನ್ ಮತ್ತು ಯೂರಿಕ್ ಆಮ್ಲದ ಕಥೆಯೂ ಹೀಗೆಯೇ. ಗಿಲ್ಬರ್ಟ್ ಸಿಂಡ್ರೋಮ್ ಎಂಬ ನಿರಪಾಯದ ಆನುವಂಶಿಕ ಲಕ್ಷಣ ಉಳ್ಳವರಲ್ಲಿ ಹಸಿದಾಗ ಬಿಲಿರುಬಿನ್ ಏರಿ, ಕಣ್ಣು ತುಸು ಹಳದಿಯಾಗಿ, ಕಾಮಾಲೆಯ ಭಯ ಹುಟ್ಟುತ್ತದೆ. ಹಸಿವು ದೀರ್ಘವಾದಾಗ ಕೀಟೋನುಗಳು ಹೆಚ್ಚಿ ಮೂತ್ರಪಿಂಡ ಯೂರಿಕ್ ಆಮ್ಲವನ್ನು ಹೊರಹಾಕುವುದು ತಗ್ಗುತ್ತದೆ. ಗೌಟ್ ಇದ್ದವರಿಗೆ ಇದು ಬರೀ ಅಂಕಿಯ ಮಾತಾಗಿ ಉಳಿಯುವುದಿಲ್ಲ.

ಉಪವಾಸ ದೇಹದ ವಿಷವನ್ನೆಲ್ಲ ತೊಳೆಯುತ್ತದೆ ಎಂಬುದಕ್ಕೆ ಯಾವ ರಕ್ತಪರೀಕ್ಷೆಯಲ್ಲೂ ಪುರಾವೆಯಿಲ್ಲ. ತೂಕದ ವಾದ ಹಾಗಲ್ಲ. 2022ರಲ್ಲಿ ಪ್ರಕಟವಾದ ಚೀನಾದ ಗುವಾಂಗ್‌ಝೌ ಅಧ್ಯಯನದಲ್ಲಿ ಬೊಜ್ಜಿನ 139 ಮಂದಿಗೆ ಒಂದು ವರ್ಷ ಕ್ಯಾಲೊರಿ ಮಿತಿ ಹಾಕಲಾಗಿತ್ತು. ಅವರಲ್ಲಿ ಒಂದು ಗುಂಪು ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ಉಣ್ಣಬೇಕಿತ್ತು. ಎರಡೂ ಗುಂಪಿನವರ ತೂಕ ಇಳಿಯಿತು, ನಡುವೆ ಗಣನೀಯ ಅಂತರ ಕಾಣಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ಕಡಿಮೆ ಊಟ. ಹಾಗೆಂದು ಗಡಿಯಾರ ನಿರುಪಯೋಗಿಯಲ್ಲ. ಅನ್ನ, ಚಪಾತಿಯ ಕ್ಯಾಲೊರಿ ಎಣಿಸಲಾರದವರಿಗೆ ಸಂಜೆಯ ಮೇಲೆ ಬಾಯಿ ಕಟ್ಟುವುದು ಸುಲಭದ ನಿಯಮ, ಸುಲಭವಾದದ್ದೇ ನಡೆದುಕೊಂಡು ಹೋಗುತ್ತದೆ. ಅದರ ಫಲ ಅಳೆಯಬೇಕಾದವರು ಎರಡೂ ಸಲ ಅಷ್ಟೇ ಗಂಟೆ ಹಸಿದು, ಅದೇ ಲ್ಯಾಬಿನಲ್ಲಿ, ಮೂರು ತಿಂಗಳ ಅಂತರದಲ್ಲಿ ರಕ್ತ ಕೊಡಬೇಕು.

ಮಾತ್ರೆ ನುಂಗುತ್ತಿರುವ ಮಧುಮೇಹಿಗೆ ವೈದ್ಯರನ್ನು ಕೇಳದೆ ಉಪವಾಸ ಹಿಡಿಯಲು ಹೇಳುವುದು ಮಾತ್ರ ಹೊಣೆಗೇಡಿತನ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಲ್ಲಿ ದೀರ್ಘ ಉಪವಾಸದಿಂದ ಕೀಟೋನ್ ಏರಿ ರಕ್ತ ಆಮ್ಲೀಯವಾಗುವ ಅಪಾಯವಿದೆ, ಆಗಲೂ ಶುಗರ್ ಅಷ್ಟೇನೂ ಹೆಚ್ಚಿರದೆ ಇರಬಹುದು. ಅಂಥವರಿಗೆ ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಿದರೆ ಗ್ಲುಕೋಮೀಟರಿನ ಅಂಕಿ ನಂಬಿ ಕೂರದೆ ಆಸ್ಪತ್ರೆಗೆ ಹೋಗಿ ಕೀಟೋನ್ ಪರೀಕ್ಷೆ ಮಾಡಿಸಬೇಕು.