ಔಷಧಿ ಚೀಟಿ: ಮೊಬೈಲಿನಲ್ಲಿ ಬರುವ ಪದವಿ

ಕಳೆದ ಸಂಚಿಕೆಯಲ್ಲಿ ಊರಿನಿಂದ ತರುವ ಮಾತ್ರೆಗಳ ಬಗ್ಗೆ ಬರೆದಿದ್ದೆವು. ಈ ಸಲ ಮಾತ್ರೆಯಲ್ಲ, ಸರ್ಟಿಫಿಕೇಟು.

ನಾವು ಡಿ.ಫಾರ್ಮ್ ಓದಿ ವಿಮಾನ ಹತ್ತಿದವರು. ಪಿಯುಸಿ ಆದ ಮೇಲೆ 2 ವರ್ಷ ಕಾಲೇಜು, ಆಮೇಲೆ 500 ಗಂಟೆ ತರಬೇತಿ. ಮನೆಗೆ ಬೇಗ ದುಡ್ಡು ಕಳಿಸಬೇಕಿತ್ತು, ಅಷ್ಟು ಸಾಕೆನಿಸಿತು. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರೆ ಎಣಿಸಿ ಲೇಬಲ್ ಅಂಟಿಸಲು ಯಂತ್ರ ಬಂದಿದೆ. ಒಂದು ಔಷಧಿ ಇನ್ನೊಂದಕ್ಕೆ ಹೊಂದುತ್ತದೋ ನೋಡುವುದು, ಡೋಸ್ ಹೆಚ್ಚಾಯಿತು ಎಂದು ಡಾಕ್ಟರಿಗೆ ಫೋನ್ ಮಾಡುವುದು, ಇದಕ್ಕೆ ಬಿ.ಫಾರ್ಮ್, ಫಾರ್ಮ್.ಡಿ. ಆದವರನ್ನೇ ಕೇಳುತ್ತಾರೆ.

ಇಂಥ ಹೊತ್ತಿನಲ್ಲೇ ವಾಟ್ಸಾಪ್‌ಗೆ "ಕೆಲಸ ಬಿಡದೆ 6 ತಿಂಗಳಲ್ಲಿ ಬಿ.ಫಾರ್ಮ್" ಎಂಬ ಮೆಸೇಜು ಬರುತ್ತದೆ. ನಮ್ಮ ಜೊತೆಗಿದ್ದ ಒಬ್ಬರು ನಾಲ್ಕು ತಿಂಗಳ ಸಂಬಳ ಕಟ್ಟಿದರು. ಹೊಳೆಯುವ ಮುದ್ರೆಯ ಸರ್ಟಿಫಿಕೇಟೂ ಬಂತು. ಲೈಸೆನ್ಸಿಗೆ ಹಾಕಿದಾಗ ಪರಿಶೀಲನೆಯವರು ನೇರ ವಿಶ್ವವಿದ್ಯಾಲಯವನ್ನೇ ಕೇಳಿದರು. ಆ ಹೆಸರಿನ ವಿದ್ಯಾರ್ಥಿಯೇ ಇಲ್ಲ ಎಂಬ ಉತ್ತರ. ದುಡ್ಡು ಹೋಯಿತು, ಇದ್ದ ಲೈಸೆನ್ಸಿಗೂ ಕುತ್ತು ಬಂತು. ಈಗ ಅವರು ಊರಿನಲ್ಲಿ ಅಣ್ಣನ ಮೆಡಿಕಲ್ ಶಾಪಿನಲ್ಲಿದ್ದಾರೆ. ನಾವು ಫೋನ್ ಮಾಡಿದರೆ ಬೇರೆ ಎಲ್ಲ ಮಾತಾಡುತ್ತಾರೆ, ಇದೊಂದು ಬಿಟ್ಟು.

ಆನ್‌ಲೈನ್ ಎಂದರೆಲ್ಲ ಮೋಸವೆಂದು ಹೇಳುತ್ತಿಲ್ಲ. ಯುಜಿಸಿಯ 2020ರ ನಿಯಮದಂತೆ ಒಪ್ಪಿಗೆ ಪಡೆದ ವಿಶ್ವವಿದ್ಯಾಲಯಗಳು ಬಿ.ಕಾಂ., ಎಂ.ಬಿ.ಎ. ಮುಂತಾದವನ್ನು ಪೂರ್ತಿ ಆನ್‌ಲೈನಿನಲ್ಲೇ ಕೊಡಬಹುದು. ಅಂಗಡಿಯ ಲೆಕ್ಕ ಬರೆಯುವ ನಮ್ಮ ಗೆಳೆಯರಿಗೆ ಇದು ವರವೇ. ಆದರೆ ಬಿ.ಕಾಂ.ಗೆ ಅಲ್ಲೂ 3 ವರ್ಷ ಬೇಕು. ಫಾರ್ಮಸಿ, ನರ್ಸಿಂಗ್, ವೈದ್ಯಕೀಯವನ್ನಂತೂ ಹಾಗೆ ಕೊಡುವಂತೆಯೇ ಇಲ್ಲ. ಒಪ್ಪಿಗೆಯೂ ಶಾಶ್ವತವಲ್ಲ. ಮೈಸೂರಿನ ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ಸಿಕ್ಕಿತು. ಹಣ ಕಟ್ಟುವ ಮುಂಚೆ ಯುಜಿಸಿಯ ದೂರಶಿಕ್ಷಣ ವಿಭಾಗದ ವೆಬ್‌ಸೈಟಿನಲ್ಲಿ ಆ ವರ್ಷಕ್ಕೆ ಆ ಕೋರ್ಸು ಇದೆಯೇ ನೋಡಿ. ಏಜೆಂಟನ ಮಾತು ಬೇಡ.

ನಮ್ಮಂಥ ಡಿಪ್ಲೊಮಾದವರಿಗೆ ನೇರ ದಾರಿಯೆಂದರೆ ಊರಿಗೆ ಹೋಗಿ ಬಿ.ಫಾರ್ಮ್ ಎರಡನೇ ವರ್ಷಕ್ಕೆ ಸೇರಿ 3 ವರ್ಷ ಓದುವುದು. ಫೀಸು ಹೇಗೋ ಹೊಂದಿಸಬಹುದು. 3 ವರ್ಷ ಸಂಬಳವಿಲ್ಲದೆ ಮನೆ ನಡೆಸುವವರಾರು? ನಮ್ಮ ಮನೆಯಲ್ಲೂ ಈ ಲೆಕ್ಕ ಎರಡು ಸಲ ಹಾಕಿದೆವು. ಮಗಳು ಈ ವರ್ಷ ಪಿಯುಸಿ ಮುಗಿಸಿದ್ದಾಳೆ. "ಅಪ್ಪ, ನೀವೇ ಮೊದಲು ಸೇರಿ, ನಾನು ಆಮೇಲೆ ನೋಡ್ತೀನಿ" ಎಂದಳು ಫೋನಿನಲ್ಲಿ. ಕಳೆದ ವಾರ ಕಾಲೇಜಿಗೆ ದುಡ್ಡು ಕಳಿಸಿದೆವು, ಅವಳ ಹೆಸರಿನಲ್ಲಿ.